ಅಪ್ಪನ ಎಕ್ಸೆಲ್‌ನಲ್ಲಿ ನನ್ನದೊಂದು ಕಾಲಂ

ಮೊದಲ ಸಲ ಥೆರಪಿಸ್ಟ್ ಹತ್ತಿರ ಹೋಗಿ ಬಂದು, ಬಾಗಿಲಲ್ಲಿ ಶೂ ಬಿಚ್ಚುವಾಗ ನೆನಪಾಯಿತು. ಅಲ್ಲಿ ತೋರಿಸಿ ಬಂದ ಇನ್ಶೂರೆನ್ಸ್ ಕಾರ್ಡ್ ಅಪ್ಪನ ಪ್ಲಾನಿನದು.

ನನಗಾಗ 23. ಅಮೆರಿಕದಲ್ಲಿ 2010ರ ಆರೋಗ್ಯ ವಿಮೆ ಕಾಯ್ದೆ ಬಂದಮೇಲೆ, ಮಕ್ಕಳು 26 ತುಂಬುವವರೆಗೆ ಅಪ್ಪ ಅಮ್ಮನ ಪ್ಲಾನಿನಲ್ಲೇ ಇರಬಹುದು. ನಾನು ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಸ್ಯಾನ್ ಡಿಯಾಗೊದಲ್ಲಿ ಕಾಂಟ್ರಾಕ್ಟ್ ಕೆಲಸದಲ್ಲಿದ್ದೆ, ಅಲ್ಲಿ ಇನ್ಶೂರೆನ್ಸ್ ಕೊಡುತ್ತಿರಲಿಲ್ಲ. ಅಪ್ಪ ಅಮ್ಮ ಇರೋದು ಅದೇ ರಾಜ್ಯದ ಉತ್ತರದಲ್ಲಿರುವ ಫ್ರೀಮಾಂಟ್‌ನಲ್ಲಿ. ಹಾಗಾಗಿ ಕೈಗೆ ಸಿಗದಷ್ಟು ದೂರ ಇದ್ದೇನೆ ಅಂದುಕೊಂಡು ಆರಾಮಾಗಿದ್ದೆ. ಕಾಗದಕ್ಕೆ ದೂರ ಏನು ಲೆಕ್ಕ ಹೇಳಿ.

ನೀವು ಡಾಕ್ಟರ್ ಹತ್ತಿರ ಹೋದಾಗಲೆಲ್ಲ ಇನ್ಶೂರೆನ್ಸ್‌ನವರು ಒಂದು ಕಾಗದ ಕಳಿಸುತ್ತಾರೆ. ಅದೂ ನಿಮಗಲ್ಲ, ಸಾಮಾನ್ಯವಾಗಿ ಪಾಲಿಸಿ ಯಾರ ಹೆಸರಲ್ಲಿದೆಯೋ ಅವರಿಗೆ. ಇಒಬಿ ಅನ್ನುತ್ತಾರೆ. ಯಾರು ಹೋದರು, ಯಾವತ್ತು ಹೋದರು, ಯಾರ ಹತ್ತಿರ, ಯಾವ ಥರದ ಸೇವೆ, ಎಷ್ಟು ದುಡ್ಡು. ಕಾಯಿಲೆಯ ಹೆಸರು ಹೆಚ್ಚಾಗಿ ಇರೋದಿಲ್ಲ, ಆದರೆ ಇಷ್ಟು ಗೊತ್ತಾದಮೇಲೆ ಅದು ಯಾಕೆ ಬೇಕು. ಮೇಲೆ ದಪ್ಪಕ್ಷರದಲ್ಲಿ 'ದಿಸ್ ಈಸ್ ನಾಟ್ ಎ ಬಿಲ್' ಅಂತ ಇರುತ್ತದೆ. ಬಿಲ್ ಅಲ್ಲ ಅಂದಕೂಡಲೇ ಬಹಳ ಜನ ಕಸಕ್ಕೆ ಹಾಕುತ್ತಾರೆ. ನಮ್ಮಪ್ಪ ಆ ಪೈಕಿ ಅಲ್ಲ. ತೂತು ಹೊಡೆದು, ವರ್ಷದ ಪ್ರಕಾರ ಫೈಲಿಗೆ ಹಾಕಿ, ಎಕ್ಸೆಲ್‌ನಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಕಾಲಂ ಮಾಡಿ, ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮುಂಚೆ ವರ್ಷಕ್ಕೆ ನಾವೇ ಕೈಯಿಂದ ಕೊಡಬೇಕಾದ ಮೊತ್ತ) ಎಷ್ಟು ತುಂಬಿತು ಅಂತ ಲೆಕ್ಕ ಇಡುವ ಮನುಷ್ಯ. ಹಿಂದೊಮ್ಮೆ ನನ್ನ ಕಾಲು ಉಳುಕಿದಾಗ ಒಂದೇ ಎಕ್ಸ್-ರೇಗೆ ಎರಡು ಸಲ ಬಿಲ್ ಹಾಕಿದ್ದನ್ನು ಪತ್ತೆ ಮಾಡಿ, ಮೂರು ವಾರ ಫೋನಿನಲ್ಲಿ ಜಗಳ ಆಡಿ ಸರಿ ಮಾಡಿಸಿದ್ದರು.

ಇನ್ನೊಂದು ತಮಾಷೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ಥೆರಪಿಸ್ಟ್‌ಗಳ ಲೈಸೆನ್ಸ್‌ನ ಹೆಸರೇ 'ಮ್ಯಾರೇಜ್ ಆಂಡ್ ಫ್ಯಾಮಿಲಿ ಥೆರಪಿಸ್ಟ್'. ನಾನು ಹೋಗಿದ್ದು ನಿದ್ದೆ ಬರಲ್ಲ, ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನಿಂದ ಇಳಿಯಕ್ಕೇ ಆಗಲ್ಲ ಅಂತ. ಕಾಗದದಲ್ಲಿ ಮ್ಯಾರೇಜ್ ಅಂತ ಕಂಡರೆ ಅಮ್ಮ ಏನೇನು ಊಹೆ ಮಾಡಿಕೊಳ್ಳಬಹುದು ಅಂತ ಯೋಚಿಸಿ ಒಂದು ಕ್ಷಣ ನಗು ಬಂತು. ಆಮೇಲೆ ಬರಲಿಲ್ಲ.

ಅರ್ಧ ಗಂಟೆ ಗೂಗಲ್ ಮಾಡಿದೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ಕಾನೂನು ಇದೆ, 2022ರ ಜುಲೈ 1ರಿಂದ ಜಾರಿಯಲ್ಲಿದೆ. ಮಾನಸಿಕ ಚಿಕಿತ್ಸೆಯಂಥ ವಿಷಯಗಳ ಕಾಗದವನ್ನು ಚಿಕಿತ್ಸೆ ಪಡೆದವರಿಗೇ ಕಳಿಸಬೇಕು, ಪಾಲಿಸಿದಾರರಿಗಲ್ಲ. ಕಾರಣವನ್ನೂ ಹೇಳಬೇಕಿಲ್ಲ. ಸರಿ ಅಂತ ಧೈರ್ಯವಾಗಿ ಇನ್ಶೂರೆನ್ಸ್‌ಗೆ ಫೋನ್ ಮಾಡಿದೆ. ಆ ಕಡೆ ಇದ್ದವಳು ಒಳ್ಳೆಯವಳೇ, ಎರಡು ಸಲ ಹೋಲ್ಡ್‌ನಲ್ಲಿಟ್ಟು ಬಂದು ಹೇಳಿದಳು: ನಿಮ್ಮ ತಂದೆಯ ಪ್ಲಾನ್ ಸೆಲ್ಫ್ ಫಂಡೆಡ್. ಅಂದರೆ ಖರ್ಚು ಭರಿಸುವುದು ಅವರು ಕೆಲಸ ಮಾಡುವ ಕಂಪನಿಯೇ, ಇನ್ಶೂರೆನ್ಸ್‌ನವರು ಬರೀ ಲೆಕ್ಕ ನೋಡಿಕೊಳ್ಳುವವರು. ಅಂಥ ಪ್ಲಾನಿಗೆ 1974ರ ಒಂದು ಫೆಡರಲ್ ಕಾನೂನು ಅನ್ವಯಿಸುತ್ತದೆ, ರಾಜ್ಯದ ಈ ನಿಯಮ ಮುಟ್ಟೋದಿಲ್ಲ. ಕಾರ್ಡ್ ಮೇಲೆ ಇನ್ಶೂರೆನ್ಸ್ ಕಂಪನಿಯ ಹೆಸರೇ ಇತ್ತು, ನನಗೆ ಹೇಗೆ ಗೊತ್ತಾಗಬೇಕು?

ಬೇರೆ ದಾರಿ ಇಲ್ವಾ ಅಂದೆ. ಇದೆ, ರೋಗಿಗಳ ಮಾಹಿತಿ ಗುಟ್ಟಾಗಿಡುವ ಹಿಪಾ ಅನ್ನುವ ಫೆಡರಲ್ ಕಾನೂನಿನಲ್ಲಿ ಕಾಗದ ಬೇರೆ ವಿಳಾಸಕ್ಕೆ ಕಳಿಸಿ ಅಂತ ಕೇಳಬಹುದು, ಫಾರ್ಮ್ ಇಮೇಲ್ ಮಾಡ್ತೀನಿ ಅಂದಳು. ಬಂತು. ಒಂದೇ ಪುಟ. ಕೆಳಗೆ ಒಂದು ಚೌಕ, ಅದರ ಪಕ್ಕ ಒಂದು ಸಾಲು: ಈ ಮಾಹಿತಿ ಬಹಿರಂಗವಾದರೆ ನನಗೆ ಅಪಾಯ ಆಗಬಹುದು. ಅಲ್ಲಿ ಟಿಕ್ ಹಾಕಬೇಕು. ಯಾವ ಅಪಾಯ ಅಂತ ವಿವರಿಸಬೇಕಿಲ್ಲ, ಅಷ್ಟು ಹೇಳಿದರೆ ಸಾಕಂತೆ.

ಆ ಚೌಕದ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅಪಾಯ ಯಾರಿಂದ? ನನ್ನ ಎಕ್ಸ್-ರೇಗಾಗಿ ಮೂರು ವಾರ ಜಗಳ ಆಡಿದವರಿಂದ? ನಿಜವಾಗಿ ಅಪಾಯ ಇರುವ ಮನೆಗಳಿವೆ, ಅಂಥವರಿಗೆ ಆ ಸಾಲು ಬೇಕೇ ಬೇಕು. ನನ್ನದು ಅದಲ್ಲ. ಗೊತ್ತಾದರೆ ಅಪ್ಪ ಬೈಯೋದಿಲ್ಲ. ರಾತ್ರೋರಾತ್ರಿ ಅಮ್ಮನನ್ನು ಕೂರಿಸಿಕೊಂಡು ಕಾರು ಓಡಿಸಿಕೊಂಡು ಬಂದು, ಬೆಳಿಗ್ಗೆ ನನ್ನ ಸೋಫಾ ಮೇಲೆ ಕೂತು, ನಾವೇನು ತಪ್ಪು ಮಾಡಿದ್ವಿ ಪುಟ್ಟಿ ಅಂತ ಕೇಳುತ್ತಾರೆ. ಆಮೇಲೆ ನಾನು ಅವರಿಬ್ಬರನ್ನೂ ಸಮಾಧಾನ ಮಾಡಬೇಕು. ಚಿಕ್ಕಂದಿನಿಂದ ಮಾಡಿದ್ದು ಅದನ್ನೇ, ಅದು ಸಾಕಾಗಿಯೇ ನಾನು ಅಲ್ಲಿಗೆ ಹೋಗಿದ್ದು. ಇದಕ್ಕೆ ಫಾರ್ಮ್‌ನಲ್ಲಿ ಚೌಕ ಇರಲಿಲ್ಲ.

ಟಿಕ್ ಹಾಕಲಿಲ್ಲ. ಥೆರಪಿಸ್ಟ್‌ನ ಆಫೀಸಿಗೆ ಫೋನ್ ಮಾಡಿ ಗುಟ್ಟು ಹೇಳುವವಳ ಹಾಗೆ ಸಣ್ಣ ದನಿಯಲ್ಲಿ ಕೇಳಿದೆ. ಬಿಲ್ಲಿಂಗ್ ನೋಡಿಕೊಳ್ಳುವ ಹೆಂಗಸು, ಕ್ಲೇಮ್ ಇನ್ನೂ ಕಳಿಸಿಲ್ಲ, ಶುಕ್ರವಾರ ಕಳಿಸೋದು ಅಂದರು. ಪೂರ್ತಿ ದುಡ್ಡು ನಾವೇ ಕೊಟ್ಟು, ಇನ್ಶೂರೆನ್ಸ್‌ಗೆ ಹೇಳಬೇಡಿ ಅಂದರೆ ಅವರು ಹೇಳುವ ಹಾಗಿಲ್ಲವಂತೆ. ಇದೂ ಹಿಪಾದಲ್ಲೇ ಇದೆ, 2013ರಲ್ಲಿ ಸೇರಿಸಿದ ನಿಯಮ. ನನಗಂತೂ ಅವತ್ತಿನವರೆಗೆ ಗೊತ್ತಿರಲಿಲ್ಲ. ಅವರು ಇದನ್ನು ವಾರಕ್ಕೆ ನಾಲ್ಕು ಸಲ ಹೇಳ್ತೀನಿ ಅನ್ನುವ ದನಿಯಲ್ಲಿ ಹೇಳಿದರು. ಅದಕ್ಕೇ ಸ್ವಲ್ಪ ಹಗುರವಾಯಿತು.

ದುಡ್ಡಿನ ವಿಷಯ ಮಾತ್ರ ಹಗುರ ಅಲ್ಲ. ಕಾರ್ಡ್ ಬಳಸಿದ್ದರೆ ಸಲಕ್ಕೆ 25 ಡಾಲರ್ ಕೊಟ್ಟರೆ ಮುಗಿಯುತ್ತಿತ್ತು. ಅವರ ಫೀಸು 160. ನನ್ನ ಸಂಬಳ ಕೇಳಿ 90ಕ್ಕೆ ಇಳಿಸಿದರು. ವಾರಕ್ಕೊಮ್ಮೆ ಅಂದುಕೊಂಡಿದ್ದು ಎರಡು ವಾರಕ್ಕೊಮ್ಮೆ ಆಯಿತು. ತಿಂಗಳಿಗೆ 180 ಡಾಲರ್ ಕೊಟ್ಟು ಒಂದು ಕಾಗದ ಮನೆಗೆ ಹೋಗದಂತೆ ತಡೆದೆ ಅಂತ ಲೆಕ್ಕ ಹಾಕಿದಾಗ, ಅಪ್ಪನ ಮಗಳೇ ಹೌದು ಅನ್ನಿಸಿತು.

ಡಿಸೆಂಬರ್‌ನಲ್ಲಿ ಅಪ್ಪ ಫೋನ್ ಮಾಡಿದರು. ವರ್ಷದ ಲೆಕ್ಕ ಮುಗಿಸುತ್ತಿದ್ದರು, ಹಿಂದೆ ಕೀಬೋರ್ಡ್ ಸದ್ದು ಕೇಳಿಸುತ್ತಿತ್ತು.

"ನಿನ್ನ ಕಾಲಂ ನೋಡು ಪುಟ್ಟಿ, ಪೂರ್ತಿ ಸೊನ್ನೆ. ನಂದೂ ಅಮ್ಮಂದೂ ಡಿಡಕ್ಟಿಬಲ್ ಯಾವತ್ತೋ ತುಂಬೋಯ್ತು. ಮನೇಲಿ ಗಟ್ಟಿ ಇರೋದು ನೀನೊಬ್ಬಳೇ ಕಣೇ."

ಹೂಂ ಅಪ್ಪ ಅಂದೆ. ಥೆರಪಿಸ್ಟ್ ಆಫೀಸಿನ ಹೊರಗೆ ಕಾರಿನಲ್ಲೇ ಕೂತಿದ್ದೆ, ಒಳಗೆ ಹೋಗಲು ಐದು ನಿಮಿಷ ಇತ್ತು.

"ಅಮ್ಮಂಗೆ ಕೊಡ್ಲಾ?"

"ಒಂದು ಗಂಟೆ ಬಿಟ್ಟು ನಾನೇ ಮಾಡ್ತೀನಪ್ಪಾ" ಅಂದೆ.