ಗೋಧಿಗೆ ಆಳದ ಬೇರು ಬೇಕು, ಆದರೆ ಯಾವ ಮಣ್ಣಿಗೆ?

ಒಣಬೇಸಾಯದ ಗೋಧಿಗೆ ಬೇರು ದೊಡ್ಡದಿರಬೇಕು ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ನನಗೆ ಅದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಬೇರು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ, ಯಾವಾಗ ನೀರು ಎಳೆಯುತ್ತದೆ ಅನ್ನುವುದೇ ಮುಖ್ಯ. ಮೇಲ್ಮಣ್ಣಲ್ಲಿ ದಟ್ಟವಾಗಿ ಬೇರು ಬೆಳೆಸೋಕೆ ಗಿಡ ತನ್ನ ಆಹಾರ ಖರ್ಚು ಮಾಡುತ್ತದೆ, ಆದರೆ ಕಾಳು ಕಟ್ಟುವ ಹೊತ್ತಿಗೆ ಮಳೆ ನಿಂತು ಅಲ್ಲಿ ಹಸಿಯೇ ಉಳಿದಿರುವುದಿಲ್ಲ.

ಆಳದ ನೀರಿನ ಬೆಲೆ ಎಷ್ಟು ಅಂತ ಗೊತ್ತಾಗಬೇಕಾದರೆ ಆಸ್ಟ್ರೇಲಿಯಾದ ಕೃಷಿ ವಿಜ್ಞಾನಿ ಜಾನ್ ಕಿರ್ಕೆಗಾರ್ಡ್ ತಂಡ 2007ರಲ್ಲಿ ಪ್ರಕಟಿಸಿದ ಹೊಲದ ಪ್ರಯೋಗ ನೋಡಬೇಕು. ಹೂ ಬಿಟ್ಟ ಮೇಲೆ 1.35ರಿಂದ 1.85 ಮೀಟರ್ ಆಳದ ಮಣ್ಣಿನಿಂದ ಬೆಳೆ ಜಾಸ್ತಿ ಎಳೆದುಕೊಂಡ ನೀರು ಬರೀ 10.5 ಮಿಲಿಮೀಟರ್. ಅಷ್ಟಕ್ಕೇ ಹೆಕ್ಟೇರಿಗೆ 0.62 ಟನ್ ಇಳುವರಿ ಏರಿತು, ಅಂದರೆ ಮಿಲಿಮೀಟರಿಗೆ 59 ಕಿಲೋ! ಆ ಹೊತ್ತಿಗೆ ಎಲೆ, ಕಾಂಡ ಎಲ್ಲ ಬೆಳೆದು ಮುಗಿದಿರುತ್ತದೆ, ಸಿಕ್ಕ ನೀರಿನ ಫಲವೆಲ್ಲ ನೇರವಾಗಿ ಕಾಳಿಗೇ ಹೋಗುತ್ತದೆ. ನನಗಂತೂ ಇದು ಬಹಳ ದೊಡ್ಡ ಸಂಗತಿ.

ಹಾಗಾದರೆ ಆಳಕ್ಕೆ ಬೇರು ಬಿಡುವ ತಳಿ ಆರಿಸುವುದು ಹೇಗೆ? ಕಷ್ಟ ಇರುವುದೇ ಇಲ್ಲಿ. ತೆನೆ, ಎತ್ತರ, ತುಕ್ಕುರೋಗ ಎಲ್ಲ ಕಣ್ಣಿಗೆ ಕಾಣುತ್ತವೆ, ಬೇರು ಕಾಣುವುದಿಲ್ಲ. ಒಂದು ದಾರಿ ಪಾರದರ್ಶಕ ಕುಂಡ. ಬೀಜವನ್ನು ಕುಂಡದ ಗೋಡೆಗೆ ಒತ್ತಿ, ಮೊಳಕೆಯ ಭಾಗ ಹೊರಮುಖವಾಗಿರುವಂತೆ ಇಟ್ಟರೆ ಸುಮಾರು ಐದು ದಿನಕ್ಕೆ ಮೊದಲ ಜೋಡಿ ಬೇರು ಗೋಡೆಗಂಟಿ ಇಳಿಯುವುದು ಕಾಣುತ್ತದೆ. ಆ ಎರಡರ ನಡುವಿನ ಕೋನ ಕಿರಿದಾಗಿದ್ದರೆ ಬೇರು ನೆಟ್ಟಗೆ ಕೆಳಗೆ ಹೋಗುವ ಸಾಧ್ಯತೆ ಜಾಸ್ತಿ. ಸಾಧ್ಯತೆ ಅಷ್ಟೇ. ಸಸಿಯ ಕೋನ ನೋಡಿ ಹೊಲದ ಆಳ ಹೇಳಿಬಿಡಲು ಆಗುವುದಿಲ್ಲ. ಅದಕ್ಕೆ ಹೊಲದಲ್ಲಿ ಕೊಳವೆ ಇಳಿಸಿ ಮಣ್ಣಿನ ಕಂಬ ತೆಗೆಯುತ್ತಾರೆ, ಅದನ್ನು ತುಂಡು ತುಂಡಾಗಿ ಕೈಯಲ್ಲೇ ಮುರಿದು, ಮುರಿದ ಮುಖದಲ್ಲಿ ಕಾಣುವ ಬಿಳಿ ಬೇರಿನ ತುದಿಗಳನ್ನು ಎಣಿಸುತ್ತಾರೆ. ಬೇಸರದ ಕೆಲಸ, ಆದರೆ ಅದನ್ನು ಬಿಟ್ಟರೆ ನಂಬಿಕೆ ಬರುವುದಿಲ್ಲ.

ಇದಕ್ಕೆ ಉಲ್ಟಾ ದಾರಿಯೂ ಇದೆ. ಆಸ್ಟ್ರೇಲಿಯಾದವರೇ ಆದ ವಿಜ್ಞಾನಿಗಳು ರಿಚರ್ಡ್ ರಿಚರ್ಡ್ಸ್ ಮತ್ತು ಜಾನ್ ಪಾಸಿಯೂರ ತಳಿ ಆರಿಸಿ ಆರಿಸಿ ಬೀಜದಿಂದ ಮೊದಲು ಹೊರಡುವ ಬೇರುಗಳ ಒಳಗಿನ ನೀರಿನ ನಾಳವನ್ನೇ ಸಣ್ಣದು ಮಾಡಿದರು, ಅಗಲ ಸುಮಾರು 65 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇದ್ದದ್ದು 55ಕ್ಕಿಂತ ಕೆಳಗೆ. ನಾಳ ಕಿರಿದಾದರೆ ಗಿಡ ಶುರುವಿನಲ್ಲಿ ನೀರನ್ನು ನಿಧಾನವಾಗಿ ಎಳೆಯುತ್ತದೆ, ಕೊನೆಗೆ ಕಾಳಿಗೆ ಸ್ವಲ್ಪ ಉಳಿಯುತ್ತದೆ. 1989ರಲ್ಲಿ ಅವರು ವರದಿ ಮಾಡಿದ ಪ್ರಕಾರ ತೀರಾ ಒಣ ಜಾಗಗಳಲ್ಲಿ ಇಳುವರಿ 3ರಿಂದ 11 ಶೇಕಡಾ ಹೆಚ್ಚಿತ್ತು. ಬೇರು ದೊಡ್ಡದಾಗದೆಯೇ ಲಾಭ ಬಂತು, ಅಲ್ವಾ?

ಒಂದು ಆಳಕ್ಕೆ ಹೋಗು ಅನ್ನುತ್ತದೆ, ಇನ್ನೊಂದು ಇದ್ದದ್ದನ್ನು ಉಳಿಸು ಅನ್ನುತ್ತದೆ. ಯಾವುದು ಸರಿ ಅನ್ನುವುದನ್ನು ಮಣ್ಣೇ ಹೇಳಬೇಕು. ಕೆಳಗೆ ಹಸಿ ಹಿಡಿದಿಡುವ ಆಳದ ಮಣ್ಣಿದ್ದರೆ ಆಳದ ಬೇರು ಕೈಹಿಡಿಯುತ್ತದೆ. ಎರಡಡಿಗೇ ಕಲ್ಲು ಸಿಕ್ಕರೆ, ಅಥವಾ ಹಿಂದಿನ ಬೆಳೆಯೇ ಕೆಳಗಿನ ನೀರನ್ನು ಹೀರಿಬಿಟ್ಟಿದ್ದರೆ, ಅದೇ ಬೇರು ದಂಡ. ಬೆಳೆಯ ನಡುವೆ ಚೂರುಪಾರು ಮಳೆ ಬರುವ ಕಡೆ ಮೇಲಿನ ಬೇರೇ ಬೇಕಾಗುತ್ತದೆ. ಅದಕ್ಕೇ ಹೊಸ ತಳಿ ಬಿಡುಗಡೆ ಮಾಡುವಾಗ ಸುಮ್ನೆ "ಬರ ತಡೆಯುತ್ತದೆ" ಅಂತ ಬರೆದರೆ ಸಾಲದು, ಎಷ್ಟು ಆಳದ ಮಣ್ಣಲ್ಲಿ, ಬಿತ್ತುವಾಗ ಎಷ್ಟು ಹಸಿ ಇದ್ದಾಗ ಅದನ್ನು ಪರೀಕ್ಷಿಸಿದ್ದು ಅನ್ನುವುದನ್ನೂ ರೈತರಿಗೆ ಬರೆದುಕೊಡಬೇಕು.