ಇಲ್ಲಿ ಕೂಲಿ ಸಿಗೋದಿಲ್ಲ ಚಿಕ್ಕಪ್ಪ

ಹೈದರಾಬಾದಿನಲ್ಲಿ ವಿಮಾನ ಹತ್ತುವಾಗ ಒಂದು ಪೆಟ್ಟಿಗೆಗೆ 23 ಕಿಲೋ ಅಂತ ಬಿಡುತ್ತಾರೆ. ಕೆಲವು ಟಿಕೆಟ್ಟಿಗೆ ಅಂಥವು ಎರಡು. ಕ್ರೂಸ್ ಹಡಗಿನವರು ಇನ್ನೂ ಧಾರಾಳಿಗಳು. ಬಂದರಿನಲ್ಲಿ ಪೆಟ್ಟಿಗೆ ಅವರ ಕೈಗೆ ಕೊಟ್ಟರೆ ಸಂಜೆಯೊಳಗೆ ಅದು ನಿಮ್ಮ ಕೋಣೆಯ ಬಾಗಿಲಿಗೆ ಬಂದಿರುತ್ತದೆ. ಹೀಗಾಗಿ ಊರಿನಿಂದ ಯುರೋಪಿನ ಕ್ರೂಸ್‌ಗೆ ಬರುವವರು ಎರಡೂ ಕಡೆ ವಿಚಾರಿಸಿ ಆರಾಮಾಗಿ ತುಂಬುತ್ತಾರೆ. ವಿಮಾನಕ್ಕೂ ಹಡಗಿಗೂ ನಡುವೆ ರೈಲು ಇದೆ ಅನ್ನುವುದು ಯಾರ ತಲೆಗೂ ಬರುವುದಿಲ್ಲ. ಆ ರೈಲಿನಲ್ಲಿ ತೂಕ ಹಾಕುವವರಿಲ್ಲ. ಎತ್ತುವವರೂ ಇಲ್ಲ. ನಿಮ್ಮ ತೋಳಿಗೆ ಎಷ್ಟು ಆಗುತ್ತದೋ ಅಷ್ಟೇ.

ನಾನಿರುವುದು ಇಟಲಿಯ ಬೊಲೊನ್ಯಾದಲ್ಲಿ. ಹುಟ್ಟಿ ಬೆಳೆದದ್ದು ರಾಯಚೂರು. ಕಳೆದ ವರ್ಷ ಚಿಕ್ಕಪ್ಪ, ಚಿಕ್ಕಮ್ಮ ಮೆಡಿಟರೇನಿಯನ್ ಕ್ರೂಸ್‌ಗೆ ಬಂದಿದ್ದರು. ಊರಿಗೆ ಹೋಗಿ ಅವರು ಹೇಳಿದ ಕತೆ ಕೇಳಿ, ಚಿಕ್ಕಪ್ಪನ ಜೊತೆ ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದ ಗೆಳೆಯರೆಲ್ಲ ಈಗ ಹೊರಡುವ ಉಮೇದಿನಲ್ಲಿದ್ದಾರೆ. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡುವುದು ಮೇಲು ಅನಿಸಿತು.

ಮೊದಲು ಊರುಗಳ ಲೆಕ್ಕ. ರೋಮ್‌ನಿಂದ ಕ್ರೂಸ್ ಅಂದರೆ ಹಡಗು ನಿಲ್ಲುವುದು ರೋಮ್‌ನಲ್ಲಲ್ಲ, ಅಲ್ಲಿಂದ ಸುಮಾರು 70 ಕಿ.ಮೀ. ದೂರದ ಚಿವಿತಾವೆಕ್ಯಾದಲ್ಲಿ. ವೆನಿಸ್‌ನದು ಇನ್ನೂ ದೊಡ್ಡ ಕತೆ. 25,000 ಟನ್ ಮೀರಿದ ಹಡಗುಗಳು ಊರ ನಡುವಿನ ಸ್ಯಾನ್ ಮಾರ್ಕೊ ಚೌಕದ ಎದುರಿನ ನೀರಿಗೆ ಬರಕೂಡದು ಅಂತ ಇಟಲಿ ಸರ್ಕಾರ 2021ರ ಆಗಸ್ಟ್ 1ರಿಂದ ತಡೆ ಹಾಕಿತು. ಊರಿನ ಅಡಿಪಾಯವೇ ಅಲುಗುತ್ತಿದೆ, ಕೆರೆಯಂಥ ಆ ನೀರಿನ ಬದುಕೇ ಕೆಡುತ್ತಿದೆ ಅಂತ ಅಲ್ಲಿನವರು ವರ್ಷಗಟ್ಟಲೆ ಜಗಳಾಡಿದ್ದರು. ಈಗ ದೊಡ್ಡ ಹಡಗುಗಳು ಮಾರ್ಗೇರಾ, ರವೆನ್ನಾ, ತ್ರಿಯೆಸ್ತೆ ಅಂತ ಹಂಚಿಹೋಗಿವೆ. ಜಾಹೀರಾತಿನಲ್ಲಿ ಮಾತ್ರ ವೆನಿಸ್ ಅಂತ ದಪ್ಪ ಅಕ್ಷರ, ನಿಜವಾದ ಬಂದರಿನ ಹೆಸರು ಪಕ್ಕದಲ್ಲಿ ಸಣ್ಣಗೆ. ಚಿಕ್ಕಪ್ಪನ ಟಿಕೆಟ್ಟೂ ಹಾಗೇ ಇತ್ತು. ಹಡಗು ಹತ್ತುವುದು ಚಿವಿತಾವೆಕ್ಯಾ, ಇಳಿಯುವುದು ತ್ರಿಯೆಸ್ತೆ. ವೆನಿಸ್‌ನಿಂದ ತ್ರಿಯೆಸ್ತೆಗೆ ರೈಲಿನಲ್ಲಿ ಎರಡು ತಾಸು. ರಾಯಚೂರು ಅಂತ ಟಿಕೆಟ್ ಕೊಟ್ಟು ಗುಂತಕಲ್‌ನಲ್ಲಿ ಇಳಿಸಿದ ಹಾಗೆ. ಇನ್ನು ವಾಪಸ್ ವಿಮಾನ ಇದ್ದದ್ದು ರೋಮ್‌ನಿಂದ. ಅಂದರೆ ಇಟಲಿಯ ಈಶಾನ್ಯ ಮೂಲೆಯಿಂದ ನಡುಮಧ್ಯಕ್ಕೆ ಗಂಟುಮೂಟೆ ಸಮೇತ ರೈಲು.

ಗಂಟುಮೂಟೆ ಅಂದೆನಲ್ಲ, ಅದರ ವಿವರ ಕೇಳಿ. ಎರಡು ದೊಡ್ಡ ಪೆಟ್ಟಿಗೆ, ಎರಡು ಸಣ್ಣವು, ಒಂದು ಕೈಚೀಲ, ಮೇಲೊಂದು ಖಡಕ್ ರೊಟ್ಟಿಯ ಡಬ್ಬ. ರೊಟ್ಟಿ ಹಗುರ, ಸರಿ. ಆದರೆ ಮುರಿಯಬಾರದು ಅಂತ ಅದಕ್ಕೆ ಬೇರೆಯೇ ಮರ್ಯಾದೆ, ಅದನ್ನು ಯಾರಾದರೂ ಒಬ್ಬರು ಎತ್ತಿ ಹಿಡಿದೇ ಇರಬೇಕು. ಒಂದು ಕೈ ಹೋಯಿತು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಎಲ್ಲ ತನ್ನಿ, ಬೇಡ ಅನ್ನೋದಿಲ್ಲ. ತುಪ್ಪ, ಪೇಡೆ, ಖೋವಾ ಮಾತ್ರ ಬೇಡ. ಯುರೋಪಿಯನ್ ಯೂನಿಯನ್‌ಗೆ ಹೊರಗಿನಿಂದ ಬರುವವರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ, ಸಿಕ್ಕರೆ ಕಸದ ಬುಟ್ಟಿಗೆ. ಕರೆಂಟಿನ ಕೆಟಲ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡ್ ಹಡಗಿನಲ್ಲಿ ಬಿಡುವುದಿಲ್ಲ. ಬೆಂಕಿಯ ಭಯ. ಹತ್ತುವಾಗಲೇ ತೆಗೆದಿಟ್ಟುಕೊಂಡು ಇಳಿಯುವಾಗ ವಾಪಸ್ ಕೊಡುತ್ತಾರೆ. ಅಂದರೆ ಆ ಕೆಟಲ್ಲನ್ನು ನೀವು ರಾಯಚೂರಿನಿಂದ ಯುರೋಪಿಗೆ ಒಯ್ದು, ಒಂದು ಚಹಾನೂ ಕುಡಿಯದೆ ಮತ್ತೆ ಹೊತ್ತು ತರಬೇಕು. ಮಾತ್ರೆ, ಗಡಿಯಾರ, ಬಂಗಾರ, ಪಾಸ್‌ಪೋರ್ಟ್ ಯಾವಾಗಲೂ ಮೈಗೆ ಹತ್ತಿರ ಇರಲಿ.

ನಮ್ಮ ಚಿಕ್ಕಪ್ಪನಿಗೆ ರೈಲಿನ ಬಗ್ಗೆ ಜಂಬ ಜಾಸ್ತಿ. ಮುಂಬೈ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಇದನ್ನು ಅವರು ಇಟಲಿಯಲ್ಲಿ ಪಕ್ಕದ ಸೀಟಿನವರಿಗೂ ಹೇಳಿದರು, ನನ್ನಿಂದ ಅನುವಾದ ಮಾಡಿಸಿ. ಆ ಮುದುಕ ಬಹಳ ಖುಷಿಯಿಂದ ತಲೆಯಾಡಿಸಿದರು, ಪಾಪ. ಆದರೆ ರಾಯಚೂರಿನ ರೈಲಿನ ಅನುಭವ ಇಲ್ಲಿ ಒಂದು ವಿಷಯದಲ್ಲಿ ಕೈಕೊಡುತ್ತದೆ. ಅಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಬಂದು ನಿಂತರೆ ಕೆಂಪಂಗಿಯ ಕೂಲಿ ಇರುತ್ತಾನೆ. ಅವನಿಲ್ಲದಿದ್ದರೆ ಕಳಿಸಲು ಬಂದ ನಾಲ್ಕು ಮಂದಿ ಇರುತ್ತಾರೆ. ಅವರೂ ಇಲ್ಲದಿದ್ದರೆ ಒಳಗಿರುವ ಯಾರೋ ಕೈ ಚಾಚುತ್ತಾರೆ. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕಿಲೋ ಅಂತ ನಿಯಮ ಇದೆ, ಅದನ್ನು ತೂಗಿ ನೋಡಿದವರನ್ನು ನಾನಂತೂ ಕಂಡಿಲ್ಲ.

ರೋಮ್‌ನ ತೆರ್ಮಿನಿ ನಿಲ್ದಾಣದಲ್ಲಿ ಇಳಿದ ಕೂಡಲೇ ಒಬ್ಬ ಚಿಕ್ಕಮ್ಮನ ಪೆಟ್ಟಿಗೆಗೆ ಕೈ ಹಾಕಿದ. ಚಿಕ್ಕಪ್ಪನಿಗೆ ಸಮಾಧಾನ. ‘ನೋಡು, ಕೂಲಿ ಇಲ್ಲ ಅಂದ್ಯಲ್ಲ’ ಅಂದರು. ನಾನು ಟಿಕೆಟ್ ಯಂತ್ರದ ಮುಂದಿದ್ದೆ. ತಿರುಗಿ ನೋಡುವಷ್ಟರಲ್ಲಿ ಅವನು ಪೆಟ್ಟಿಗೆ ಎಳೆದುಕೊಂಡು ಹೊರಟಿದ್ದ. ಇವರು ಹಿಂದೆ ಹಿಂದೆ. ಕೊನೆಗೆ 20 ಯೂರೋ ಕೇಳಿದ. ಚಿಕ್ಕಮ್ಮ ನಮ್ಮ ಭಾಷೆಯಲ್ಲೇ ದಬಾಯಿಸಿದ್ದಕ್ಕೆ 5 ಯೂರೋಗೆ ಮುಗಿಯಿತು. ದೊಡ್ಡ ನಿಲ್ದಾಣಗಳಲ್ಲಿ ಹೀಗೆ ಸಹಾಯ ಮಾಡುವವರ ಹಾಗೆ ಬಂದು ದುಡ್ಡು ಕೀಳುವವರು ಇರುತ್ತಾರೆ. ಟಿಕೆಟ್ ಯಂತ್ರದ ಹತ್ತಿರವೂ ಇವರೇ. ಮುಗುಳ್ನಕ್ಕು ಬೇಡ ಅಂದರೆ ಹೋಗುವುದಿಲ್ಲ, ಗಟ್ಟಿಯಾಗಿ ಬೇಡ ಅನ್ನಬೇಕು.

ತೆರ್ಮಿನಿಯಲ್ಲಿ ಇನ್ನೊಂದು ತೊಂದರೆ, ನಡಿಗೆ. ಚಿವಿತಾವೆಕ್ಯಾ ಕಡೆಯ ರೈಲುಗಳು ಸಾಮಾನ್ಯವಾಗಿ 25ರ ಮೇಲಿನ ಪ್ಲಾಟ್‌ಫಾರ್ಮ್‌ಗಳಿಂದ ಹೊರಡುತ್ತವೆ. ಅವು ಮುಖ್ಯ ಹಾಲ್‌ನಿಂದ ಅಷ್ಟು ದೂರ, ಬೇರೆ ನಿಲ್ದಾಣವೇ ಇರಬೇಕು ಅನಿಸುತ್ತದೆ. ಪ್ಲಾಟ್‌ಫಾರ್ಮ್ ನಂಬರ್ ಬೋರ್ಡಿಗೆ ಬರುವುದು ಹೊರಡುವ ಸ್ವಲ್ಪ ಹೊತ್ತಿನ ಮುಂಚೆ. ಆಗ ಓಡಬೇಕು. ಈ ರೈಲು ಪ್ಯಾಸೆಂಜರ್ ಥರದ್ದು, ಸೀಟಿಗೆ ನಂಬರ್ ಇಲ್ಲ, ಟಿಕೆಟ್ 5 ಯೂರೋ ಆಸುಪಾಸು, ಒಂದು ತಾಸಿನ ಮೇಲೆ ಸ್ವಲ್ಪ ಹಿಡಿಯುತ್ತದೆ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಗೋಡೆಯ ಮೇಲಿನ ಯಂತ್ರದಲ್ಲಿ ಅಚ್ಚೊತ್ತಿಸಲೇಬೇಕು. ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದೂ ದಂಡ. ಕೆಲವು ಹಳೆಯ ಬೋಗಿಗಳಿಗೆ ಮೆಟ್ಟಿಲು ಕಡಿದಾಗಿವೆ, ಹೊಸವಕ್ಕೆ ಪ್ಲಾಟ್‌ಫಾರ್ಮ್ ಸಮಕ್ಕೇ ಬಾಗಿಲು. ಯಾವುದು ಬರುತ್ತದೆ ಅನ್ನುವುದು ನಿಮ್ಮ ಅದೃಷ್ಟ. ನಮಗೆ ಹಳೆಯದೇ ಬಂತು. ಚಿಕ್ಕಪ್ಪ ಮೇಲೆ ಹತ್ತಿ ಎಳೆಯುವುದು, ನಾನು ಕೆಳಗಿನಿಂದ ದೂಡುವುದು, ಚಿಕ್ಕಮ್ಮ ರೊಟ್ಟಿ ಡಬ್ಬ ಹಿಡಿದು ನಿರ್ದೇಶನ ಕೊಡುವುದು.

ಚಿವಿತಾವೆಕ್ಯಾ ನಿಲ್ದಾಣದಿಂದ ಲಾರ್ಗೊ ದೆಲ್ಲಾ ಪಾಚೆ ಅನ್ನುವ ಜಾಗಕ್ಕೆ ಹೋಗಬೇಕು. ಅಲ್ಲಿಂದ ಬಂದರಿನ ಬಸ್ಸುಗಳು ಹಡಗಿನ ಬಳಿ ಬಿಡುತ್ತವೆ. ಗಾಲಿ ಗಟ್ಟಿ ಇದ್ದರೆ ನಿಲ್ದಾಣದಿಂದ ಆ ಜಾಗಕ್ಕೆ ನಡೆದೇ ಹೋಗಬಹುದು. ರೋಮ್‌ನಿಂದ ಕಾರು ಮಾಡಿಕೊಂಡರೆ ಸಲೀಸು, ಆದರೆ 100 ಯೂರೋ ಮೀರುತ್ತದೆ. ಮೂರು-ನಾಲ್ಕು ಜನ ಇದ್ದು, ಮಂಡಿ ನೋವು ಇದ್ದರೆ ಕಾರೇ ಮಾಡಿ, ಅದರಲ್ಲಿ ಹಟ ಬೇಡ. ಮತ್ತೆ, ಹಡಗು ಹೊರಡುವ ದಿನವೇ ವಿಮಾನದಿಂದ ಇಳಿದು ಓಡುವ ಪ್ಲಾನ್ ಯಾರೂ ಮಾಡಬೇಡಿ. ಹೊರಡುವ ಒಂದು-ಒಂದೂವರೆ ತಾಸು ಮುಂಚೆಯೇ ಚೆಕ್-ಇನ್ ಮುಚ್ಚುತ್ತಾರೆ, ಯಾರಿಗೂ ಕಾಯುವುದಿಲ್ಲ. ವೀಸಾ ವಿಷಯವೂ ಇಲ್ಲೇ ಹೇಳುತ್ತೇನೆ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟಕ್ಕೆ ಶೆಂಗೆನ್ ಅನ್ನುತ್ತಾರೆ. ದಾರಿಯಲ್ಲಿ ಮಾಂಟೆನೆಗ್ರೊದಂಥ ಶೆಂಗೆನ್ ಹೊರಗಿನ ದೇಶದ ಬಂದರು ಇದ್ದರೆ, ಹೊರಹೋಗಿ ಮತ್ತೆ ಒಳಬರಲು ಬಿಡುವ ಮಲ್ಟಿಪಲ್ ಎಂಟ್ರಿ ವೀಸಾ ಕೇಳಿ ಮಾಡಿಸಿ. ಕ್ರೊಯೇಷಿಯಾ 2023ರ ಜನವರಿಯಲ್ಲಿ ಶೆಂಗೆನ್ ಸೇರಿದ್ದರಿಂದ ಅದರ ಚಿಂತೆ ಇಲ್ಲ.

ಹಡಗಿನ ದಿನಗಳ ಬಗ್ಗೆ ಚಿಕ್ಕಮ್ಮ ಈಗಾಗಲೇ ಇಡೀ ಓಣಿಗೆ ಹೇಳಿದ್ದಾರೆ. ನಾನು ಹಡಗಿನಲ್ಲಿ ಇರಲೂ ಇಲ್ಲ. ನೇರ ತ್ರಿಯೆಸ್ತೆಗೆ ಬರುತ್ತೇನೆ.

ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಬಣ್ಣದ ಚೀಟಿ ಕಟ್ಟಿ ಕೋಣೆಯ ಹೊರಗಿಡಿ ಅನ್ನುತ್ತಾರೆ. ಬೆಳಗ್ಗೆ ಟರ್ಮಿನಲ್‌ನಲ್ಲಿ ಸಾಲಾಗಿ ಜೋಡಿಸಿರುತ್ತಾರೆ, ಚೀಟಿಯ ಸರದಿ ಬಂದಾಗ ಹೋಗಿ ಹುಡುಕಿಕೊಳ್ಳಬೇಕು. ಮರುದಿನದ ಬಟ್ಟೆ, ಬಿಪಿ ಮಾತ್ರೆ ಹೊರಗೆ ಇಟ್ಟುಕೊಂಡಿರಬೇಕು, ನೆನಪಿರಲಿ. ಆದರೆ ನಮ್ಮ ಪೆಟ್ಟಿಗೆ ನಾವೇ ಒಯ್ಯುತ್ತೇವೆ ಅನ್ನುವವರನ್ನು ಎಲ್ಲರಿಗಿಂತ ಮುಂಚೆ ಇಳಿಸುತ್ತಾರೆ. ಬೆಳಗಿನ ರೈಲು ಹಿಡಿಯುವವರಿಗೆ ಇದೇ ಒಳ್ಳೆಯದು. ನೋಡಿ, ಇಲ್ಲಿಯೂ ಮತ್ತೆ ತೋಳಿನ ಪ್ರಶ್ನೆಯೇ. ಎತ್ತಬಲ್ಲವರಿಗೆ ಒಂದೆರಡು ತಾಸು ಉಳಿಯುತ್ತದೆ. ಚಿಕ್ಕಪ್ಪ ಸಾಲಿನಲ್ಲಿ ಕಾದರು.

ತ್ರಿಯೆಸ್ತೆ ನನಗೆ ಬಹಳ ಇಷ್ಟದ ಬಂದರು. ಹಡಗು ಊರ ನಡುವಿನ ದೊಡ್ಡ ಚೌಕ, ಪಿಯಾತ್ಸಾ ಉನಿತಾದ ಪಕ್ಕದಲ್ಲೇ ನಿಲ್ಲುತ್ತದೆ. ಅಲ್ಲಿಂದ ರೈಲು ನಿಲ್ದಾಣ ಸುಮಾರು ಒಂದು ಕಿ.ಮೀ. ಅಷ್ಟೇ. ಸಮುದ್ರದ ದಂಡೆಗುಂಟ ಸಪಾಟು ದಾರಿ. ನಿಲ್ದಾಣದಲ್ಲಿ ಹಳಿಗಳು ಅಲ್ಲಿಗೇ ಮುಗಿಯುವುದರಿಂದ ಮೆಟ್ಟಿಲು, ಸುರಂಗ ಏನೂ ಇಲ್ಲ, ನೇರ ರೈಲಿನ ಬಾಗಿಲಿಗೆ ನಡೆದು ಹೋಗಬಹುದು. ಬೋರಾ ಅನ್ನುವ ಗಾಳಿ ಬೀಸುವ ದಿನ ಮಾತ್ರ ಟ್ಯಾಕ್ಸಿ ಮಾಡಿ. ಜನ ಹಿಡಿದುಕೊಂಡು ನಡೆಯಲಿ ಅಂತ ಹಿಂದೆ ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದ ಊರು ಅದು.

ಅಲ್ಲಿಂದ ರೋಮ್‌ಗೆ ನೇರ ರೈಲು ದಿನಕ್ಕೆ ಕೆಲವೇ. ಅದು ಸಿಕ್ಕರೆ ಎರಡು ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ನಮಗೆ ಸಿಗಲಿಲ್ಲ. ವೆನಿಸ್‌ನ ಹೊರಗಿನ ಮೆಸ್ತ್ರೆಯಲ್ಲಿ ಬದಲಿಸಿದೆವು. ಅಲ್ಲಿ ಸುರಂಗಕ್ಕೆ ಇಳಿದು ಹತ್ತಬೇಕು, ಲಿಫ್ಟ್ ಮುಂದೆ ನಮ್ಮಂಥವರದೇ ಸಾಲು. ಬದಲಿಸಲು 12 ನಿಮಿಷ ಸಾಕು ಅಂತ ಫೋನಿನ ಆ್ಯಪ್ ಹೇಳುತ್ತದೆ. ಆ್ಯಪ್‌ಗೆ ಪೆಟ್ಟಿಗೆ ಇರುವುದಿಲ್ಲ. ನಲವತ್ತು ನಿಮಿಷವಾದರೂ ಇಟ್ಟುಕೊಳ್ಳಿ. ಫ್ರೆಚ್ಚಾರೊಸ್ಸಾ ಅನ್ನುವ ವೇಗದ ರೈಲಿನಲ್ಲಿ ಸೀಟು ಮುಂಗಡವಾಗಿ ಹಿಡಿದೇ ಹತ್ತಬೇಕು. ಪೆಟ್ಟಿಗೆಗೆ ಬೋಗಿಯ ತುದಿಯಲ್ಲಿ ಕಪಾಟು, ತಲೆಯ ಮೇಲೆ ಅಟ್ಟ, ಸೀಟಿನ ಬೆನ್ನುಗಳ ನಡುವೆ ಒಂದಿಷ್ಟು ಸಂದು. ತುದಿಯ ಕಪಾಟು ಮೊದಲು ಹತ್ತಿದವರಿಗೆ. ತೀರಾ ಅಗ್ಗದ ಟಿಕೆಟ್ಟುಗಳನ್ನು ಬದಲಿಸಲು ಬರುವುದಿಲ್ಲ. ಹಡಗು ತಡವಾದರೆ ದುಡ್ಡು ಹೋಯಿತು. ಬಾಸೆ ಅನ್ನುವ ಬಗೆಯ ಟಿಕೆಟ್ಟಿಗೆ ದರ ಜಾಸ್ತಿ, ಆದರೆ ರೈಲು ಬದಲಿಸಬಹುದು. ಹಡಗಿನಿಂದ ಇಳಿಯುವವರಿಗೆ ಅದೇ ಸರಿ.

ಮೆಸ್ತ್ರೆಯ ಪ್ಲಾಟ್‌ಫಾರ್ಮ್‌ನಲ್ಲಿ ಚಿಕ್ಕಮ್ಮ ಪೆಟ್ಟಿಗೆಗಳನ್ನು ಪಕ್ಕದ ಹೆಂಗಸಿನ ಹತ್ತಿರ ಬಿಟ್ಟು, ಸ್ವಲ್ಪ ನೋಡಿಕೊಳ್ಳಿ ಅಂತ ಸನ್ನೆ ಮಾಡಿ ನೀರು ತರಲು ಹೋದರು. ನಮ್ಮ ಕಡೆ ಇದು ದಿನದ ಮಾತು. ಆ ಹೆಂಗಸು ಗಾಬರಿಯಾಗಿ ಎದ್ದೇ ಬಿಟ್ಟರು. ಚಿಕ್ಕಮ್ಮನಿಗೆ ಬೇಜಾರಾಯಿತು, ಎಂಥ ಜನ ಅಂತ. ರೈಲಿನಲ್ಲಿ ಕೂತ ಮೇಲೆ ನಮ್ಮ ಬೊಲೊನ್ಯಾ ನಿಲ್ದಾಣದ ಕತೆ ಹೇಳಿದೆ. 1980ರ ಆಗಸ್ಟ್ 2ರಂದು ಅಲ್ಲಿನ ಕಾಯುವ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಸೂಟ್‌ಕೇಸಿನಲ್ಲಿ ಬಾಂಬ್ ಇತ್ತು. 85 ಜನ ಸತ್ತರು. ಹೊರಗೋಡೆಯ ಗಡಿಯಾರವನ್ನು ಇಂದಿಗೂ 10:25ಕ್ಕೇ ನಿಲ್ಲಿಸಿದ್ದಾರೆ. ಇಲ್ಲಿನ ವಯಸ್ಸಾದವರಿಗೆ ವಾರಸುದಾರರಿಲ್ಲದ ಪೆಟ್ಟಿಗೆ ಕಂಡರೆ ಅದು ನೆನಪಾಗುತ್ತದೆ. ರೈಲು ಬೊಲೊನ್ಯಾದಲ್ಲಿ ನಿಂತಾಗ ಚಿಕ್ಕಮ್ಮ ಕಿಟಕಿಯಿಂದ ಗಡಿಯಾರ ಹುಡುಕಿದರು. ಅದು ಅಲ್ಲಿಂದ ಕಾಣುವುದಿಲ್ಲ.

ಮೆಸ್ತ್ರೆಯಿಂದ ರೋಮ್‌ಗೆ ನಾಲ್ಕು ತಾಸಿನೊಳಗೆ ಮುಟ್ಟಿದೆವು. ಮರುದಿನ ತೆರ್ಮಿನಿಯಿಂದ ವಿಮಾನ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್, 14 ಯೂರೋ, 32 ನಿಮಿಷ, ನಡುವೆ ಎಲ್ಲೂ ನಿಲ್ಲುವುದಿಲ್ಲ.

ಮುಷ್ಕರದ ಬಗ್ಗೆ ಒಂದು ಮಾತು. ಇಟಲಿಯಲ್ಲಿ ರೈಲು ಮುಷ್ಕರ ಮಾಮೂಲು. ಆದರೆ ಕಾನೂನಿನ ಪ್ರಕಾರ ಕನಿಷ್ಠ 10 ದಿನ ಮುಂಚೆ ತಿಳಿಸಬೇಕು, ಮತ್ತು ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಲೋಕಲ್ ರೈಲುಗಳು ಓಡಲೇಬೇಕು. ಹೊರಡುವ ವಾರ ನನಗೊಂದು ಮೆಸೇಜ್ ಹಾಕಿ, ನೋಡಿ ಹೇಳುತ್ತೇನೆ.

ಬಂದರು ಆರಿಸುವ ಅವಕಾಶ ಇದ್ದರೆ ಜಿನೋವಾ ನೋಡಿ. ಪ್ರಿನ್ಚಿಪೆ ರೈಲು ನಿಲ್ದಾಣದಿಂದ ಹಡಗಿನ ಟರ್ಮಿನಲ್‌ಗೆ ಹತ್ತು ನಿಮಿಷದ ನಡಿಗೆ. ಜರ್ಮನಿಯ ವಾರ್ನೆಮ್ಯುಂಡೆಯಲ್ಲಂತೂ ನಿಲ್ದಾಣವೂ ಹಡಗೂ ಅಕ್ಕಪಕ್ಕ. ಬಾರ್ಸಿಲೋನಾದಲ್ಲಿ ಸಾಂಟ್ಸ್ ನಿಲ್ದಾಣದಿಂದ ಬಂದರಿಗೆ ಟ್ಯಾಕ್ಸಿ ಬೇಕು, ದೂರದ ವೇಗದ ರೈಲು ಹತ್ತುವ ಮುಂಚೆ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುತ್ತಾರೆ. ಸ್ಪೇನಿನ ಆ ರೈಲುಗಳಲ್ಲಿ ಒಬ್ಬರಿಗೆ ಮೂರು ಬ್ಯಾಗ್, ಒಟ್ಟು 25 ಕಿಲೋ ಅಂತ ನಿಯಮವೇ ಇದೆ. ಚಿಕ್ಕಪ್ಪನ ಗೆಳೆಯರು ಇಷ್ಟೆಲ್ಲ ಕೇಳಿಯೂ ಬಾರ್ಸಿಲೋನಾನೇ ಬೇಕು ಅನ್ನುತ್ತಿದ್ದಾರೆ. ಸರಿ, ಮನೆಯಲ್ಲೇ ತೂಗಿಕೊಂಡು ಬನ್ನಿ ಅಂದಿದ್ದೇನೆ. ರಾಯಚೂರಿನ ಗಂಜ್‌ನಲ್ಲಿ ತಕ್ಕಡಿಗೆ ಏನು ಬರ?