ಪೆರ್ಲದ ಆಚೆ ಒಂದು ಕಟ್ಟ

ಸಾಗರದಿಂದ ರಾತ್ರಿ ಬಸ್ಸಿಗೆ ಮಂಗಳೂರು. ಅಲ್ಲಿಂದ ರೈಲಿಗೆ ಕುಂಬಳೆ. ಕುಂಬಳೆಯಿಂದ ಸೀತಾಂಗೋಳಿ, ಬದಿಯಡ್ಕ ದಾಟಿ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲಕ್ಕೆ ಮತ್ತೆ ಬಸ್ಸು. ಬೋರ್ಡು ಮಲಯಾಳದಲ್ಲಿತ್ತು, ಕಂಡಕ್ಟರ್ ತುಳು ಮಾತಾಡುತ್ತಿದ್ದ, ಪಕ್ಕದಲ್ಲಿ ಕೂತ ಅಜ್ಜ ಮಾತ್ರ ಚಂದದ ಕನ್ನಡದಲ್ಲಿ "ಎಲ್ಲಿಗೆ ಹೊರಟದ್ದು?" ಅಂತ ಕೇಳಿದರು. ದಾರಿ ಉದ್ದಕ್ಕೂ ಅಡಿಕೆ ತೋಟದ್ದೇ ಮಾತು. ನಮ್ಮ ಕಡೆ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತೇವೆ, ಇವರು ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಂದೂವರೆ ತಿಂಗಳು ಬಿಸಿಲಿಗೆ ಹಾಕಿ ಚಾಲಿ ಮಾಡುತ್ತಾರೆ. ಅಷ್ಟು ಹೇಳಿಕೊಳ್ಳುವಷ್ಟರಲ್ಲಿ ಪೆರ್ಲ ಬಂತು.

ನಾನು ಹೋದದ್ದು ಒಂದು ಸನ್ಮಾನ ನೋಡಲು. ಗೆಳೆಯನ ಸೋದರಮಾವ ಮತ್ತು ಅತ್ತೆ ಇಪ್ಪತ್ತೆಂಟು ವರ್ಷಗಳಿಂದ ಊರಿನ ತೋಡಿಗೆ, ಅಂದರೆ ಹಳ್ಳಕ್ಕೆ, ಕಟ್ಟ ಕಟ್ಟಿಸುತ್ತಿದ್ದಾರೆ. ಕಟ್ಟ ಅಂದರೆ ನೀರು ನಿಲ್ಲಿಸಲು ವರ್ಷ ವರ್ಷ ಹಾಕುವ ತಾತ್ಕಾಲಿಕ ಒಡ್ಡು. ಊರಿನ ಕೃಷಿಕರೇ ದುಡ್ಡು ಹಾಕಿ ಇಬ್ಬರಿಗೂ ಶಾಲು ಹೊದೆಸುವುದು ಅಂತ ತೀರ್ಮಾನ ಮಾಡಿದ್ದರು. ನಾನೂ ಮಾವ, ಅತ್ತೆ ಅಂತಲೇ ಕರೆದೆ.

ಮನೆಗೆ ಹೋದ ಕೂಡಲೇ ಬೆಲ್ಲ, ನೀರು ಬಂತು. ಆ ನೀರು ಮನೆ ಹಿಂದಿನ ಸುರಂಗದ್ದು. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗ, ಆಳೆತ್ತರ, ಒಬ್ಬ ನಡೆಯುವಷ್ಟೇ ಅಗಲ. ಒಳಗಿಂದ ನೀರು ತಾನಾಗಿ ಹರಿದು ಟ್ಯಾಂಕಿಗೆ ಬೀಳುತ್ತದೆ, ಪಂಪು ಬೇಡ, ಕರೆಂಟು ಬೇಡ. ಗಡಿಯಾಚೆ ಕರ್ನಾಟಕದ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಇಂಥ ಸುರಂಗಗಳನ್ನು ಕೊರೆದು ಬೋಳು ಗುಡ್ಡೆಯಲ್ಲಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇದೇ ಕಾಸರಗೋಡಿನ ಸತ್ಯನಾರಾಯಣ ಬೇಳೇರಿ 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದರು, 2024ರಲ್ಲಿ ಅವರಿಗೂ ಬಂತು. ಅದನ್ನೆಲ್ಲ ಪೇಪರಿನಲ್ಲಿ ಓದಿ ಖುಷಿಪಟ್ಟವನು ನಾನು. ಆದರೆ ಕಟ್ಟದಿಂದ ನೀರು ಕಂಡವರೇ ಎದ್ದು ಬಂದು ಹಾರ ಹಾಕುವುದನ್ನು ನೋಡುವುದು ಬೇರೆಯೇ ಸಂತೋಷ.

ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ. ಆದರೂ ಫೆಬ್ರವರಿ ಬಂದರೆ ತೋಟಕ್ಕೆ ನೀರಿಲ್ಲ. ಇಳಿಜಾರು ಜಾಗ, ಸಮುದ್ರ ಹತ್ತಿರ, ಬಿದ್ದ ಮಳೆ ನಿಲ್ಲುವುದೇ ಇಲ್ಲ. ಅದಕ್ಕೇ ಮಳೆ ಬಿಟ್ಟು ತೋಡಿನ ಹರಿವು ಸಣ್ಣದಾದಾಗ ಅಡ್ಡಲಾಗಿ ಕಟ್ಟ ಹಾಕುವುದು. ಹತ್ತಿರದ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳಿವೆ. ಒಬ್ಬ ಕಟ್ಟಿದರೆ ಪ್ರಯೋಜನ ಕಮ್ಮಿ, ಮೇಲಿನವನೂ ಕೆಳಗಿನವನೂ ಕಟ್ಟಬೇಕು. ಕಷ್ಟ ಇರುವುದು ಅಲ್ಲೇ ಅಲ್ವಾ, ಕಲ್ಲುಮಣ್ಣು ಸಿಗುತ್ತದೆ, ಜನ ಸೇರಬೇಕಲ್ಲ.

ಸನ್ಮಾನ ಶಾಲೆಯ ಹಾಲ್‌ನಲ್ಲಿ ನಡೆಯಿತು. ಎರಡು ಕುರ್ಚಿ, ಎರಡು ಶಾಲು, ಒಂದೇ ಸನ್ಮಾನಪತ್ರದಲ್ಲಿ ಇಬ್ಬರ ಹೆಸರು. ನಮ್ಮ ಕಡೆ ಎಷ್ಟೋ ಸಮಾರಂಭಗಳಲ್ಲಿ ಹೆಂಡತಿಯನ್ನು ಫೋಟೋಕ್ಕೆ ಮಾತ್ರ ಮೇಲೆ ಕರೆಯುತ್ತಾರೆ, ನನಗೆ ಅದು ಯಾವತ್ತೂ ಸರಿ ಕಂಡಿಲ್ಲ. ಮಾವ ಮೈಕ್ ಹಿಡಿದು ಹೇಳಿದ್ದು ಎರಡೇ ಮಾತು. "ತೋಡಿಗೆ ಇಳಿದದ್ದು ನಾನು. ಜನ ಸೇರಿಸಿದ್ದು ಇವಳು."

ಅದು ಬಾಯಿಮಾತಲ್ಲ ಅಂತ ರಾತ್ರಿ ಗೊತ್ತಾಯಿತು. ಅತ್ತೆ ಒಂದು ಹಳೆಯ ನೋಟ್‌ಬುಕ್ ತಂದಿಟ್ಟರು. ರಟ್ಟಿಗೆ ಬಟ್ಟೆ ಅಂಟಿಸಿದ್ದಾರೆ, ಅಂಚಿನಲ್ಲಿ ಅಡಿಕೆಯ ಕಂದು ಕಲೆ. ಪ್ರತಿ ವರ್ಷಕ್ಕೆ ಎರಡು ಪುಟ. ಯಾರ ಮನೆಯಿಂದ ಎಷ್ಟು ಆಳು, ಎಷ್ಟು ಗೋಣಿಚೀಲ, ಎಷ್ಟು ಅಡಿಕೆ ಮರದ ಸೀಳು, ಯಾರು ಬರಲಿಲ್ಲ, ಯಾಕೆ ಬರಲಿಲ್ಲ. "ಬಾಣಂತಿ ಇದ್ದಾಳೆ" ಅಂತ ಒಂದು ಕಡೆ, "ಮಾತು ಬಿಟ್ಟಿದ್ದಾರೆ" ಅಂತ ಇನ್ನೊಂದು ಕಡೆ. ಮಾತು ಬಿಟ್ಟ ಮನೆಗೆ ಅತ್ತೆ ಸೌತೆಕಾಯಿ ಬೀಜ ಕೊಡುವ ನೆಪದಲ್ಲಿ ಹೋಗುತ್ತಿದ್ದರಂತೆ. ಮುಂದಿನ ವರ್ಷದ ಪುಟದಲ್ಲಿ ಅದೇ ಮನೆಯ ಹೆಸರಿನ ಎದುರು "ಆಳು 2" ಅಂತ ಇದೆ. ನಾನು ಆ ಪುಟವನ್ನು ತುಂಬಾ ಹೊತ್ತು ನೋಡಿದೆ.

ಮಾರನೇ ಬೆಳಗ್ಗೆ ಕಟ್ಟಕ್ಕೆ ಹೋದೆವು. ಮರಳು ತುಂಬಿದ ಚೀಲಗಳ ಸಾಲು, ಹಿಂದೆ ಅಡಿಕೆ ಮರದ ಸೀಳುಗಳ ಆಸರೆ, ನಡುವೆ ಪ್ಲಾಸ್ಟಿಕ್ ಶೀಟ್, ಸಂದಿಗಳಿಗೆ ಜೇಡಿಮಣ್ಣು. ಎದೆಮಟ್ಟ ನೀರು ಹಸಿರಾಗಿ ಹಿಂದಕ್ಕೆ ಹರಡಿಕೊಂಡಿತ್ತು. ಒಂದು ಮೂಲೆಯಲ್ಲಿ ಸಣ್ಣಗೆ ಒಸರುತ್ತಿತ್ತು. ಅತ್ತೆ ಸೆರಗು ಸಿಕ್ಕಿಸಿ ಇಳಿದರು. ಅಂಗೈಯನ್ನು ನೀರೊಳಗೆ ಸುಮ್ನೆ ಇಟ್ಟರು, ಸೆಳೆತ ಎಲ್ಲಿದೆ ನೋಡಲು. ಸಿಕ್ಕಿದ ಜಾಗಕ್ಕೆ ಮಣ್ಣು ಒತ್ತಿ ಹಿಮ್ಮಡಿಯಿಂದ ಮೆಟ್ಟಿದರು. ಒಸರು ನಿಂತಿತು. "ಕಟ್ಟ ಹಾಕಿ ಎಂಟು ದಿನ ಆಯ್ತು, ಮೇಲಿನ ಮನೆ ಬಾವಿಯಲ್ಲಿ ಮೂರು ರಿಂಗ್ ನೀರು ಏರಿದೆ" ಅಂದರು ಮಾವ. ಮಳೆಗಾಲಕ್ಕೆ ಮೊದಲು ಇದನ್ನೆಲ್ಲ ಬಿಡಿಸಬೇಕು, ನವೆಂಬರ್ ಕಳೆದು ಮತ್ತೆ ಕಟ್ಟಬೇಕು. ಇಪ್ಪತ್ತೆಂಟು ಸಲ!

ನಮ್ಮಲ್ಲೂ ತೋಟದ ಕೆಳಗೆ ಹಳ್ಳ ಇದೆ, ಮಾರ್ಚಿಗೆ ಒಣಗುತ್ತದೆ ಅಂದೆ. "ಅಗಲ ಎಷ್ಟು? ಎರಡೂ ದಡ ಗಟ್ಟಿ ಉಂಟಾ? ಪಕ್ಕದವರ ಹತ್ತಿರ ಮಾತು ಉಂಟಾ?" ಅಂತ ಅತ್ತೆ ಕೇಳಿದರು. ಅಗಲ ನಾನು ಯಾವತ್ತೂ ಅಳೆದಿರಲಿಲ್ಲ. ಬೂದಿ ಹಚ್ಚಿದ ಸೌತೆ ಬೀಜದ ಪೊಟ್ಟಣ ಕೈಗಿಟ್ಟು, "ಇದನ್ನು ಆ ಪಕ್ಕದವರಿಗೂ ಕೊಡಿ" ಅಂದರು.

ಊರಿಗೆ ಬಂದ ದಿನವೇ ಹಗ್ಗ ಹಿಡಿದು ಹಳ್ಳಕ್ಕೆ ಇಳಿದೆ. ಹದಿನಾಲ್ಕು ಅಡಿ. ಸಂಜೆ ಫೋನ್ ಮಾಡಿ ಹೇಳಿದೆ. "ಬರೆದುಕೊಂಡೆ" ಅಂದರು ಅತ್ತೆ.